ಬೀದಿಗೆ ಹಂಪ್ ಹಾಕಿಸುವುದು ಹೇಗೆ: ಗಿರಣಿ ಬಾಗಿಲಲ್ಲಿ ಕೂತು ಕಲಿತದ್ದು

ನನ್ನದು ಹಿಟ್ಟಿನ ಗಿರಣಿ. ಹಾಸನ ಜಿಲ್ಲೆಯ ಒಂದು ಪುರಸಭೆ ಊರು. ಗಿರಣಿ ಇರುವುದು ಬೀದಿಯ ತಿರುವಿನಲ್ಲಿ. ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ನಾನು ಬಾಗಿಲ ಹತ್ತಿರವೇ ಇರುತ್ತೇನೆ. ಬಸ್ ಸ್ಟ್ಯಾಂಡ್ ಮುಂದಿನ ಗಿಜಿಗಿಜಿ ತಪ್ಪಿಸಿಕೊಳ್ಳಲು ಬೈಕು, ಆಟೋ, ಗೂಡ್ಸ್ ಗಾಡಿ ಎಲ್ಲವೂ ನಮ್ಮ ಬೀದಿಗೆ ನುಗ್ಗುತ್ತವೆ. ಡಾಂಬರು ಹೊಸದಾಗಿ ಹಾಕಿದ ಮೇಲಂತೂ ಕೇಳುವುದೇ ಬೇಡ.

ಒಂದು ಸಂಜೆ ಟ್ಯೂಷನ್ ಮುಗಿಸಿ ಬರುತ್ತಿದ್ದ ಹುಡುಗಿಗೆ ಬೈಕ್ ಗುದ್ದಿ ಕಾಲು ಮುರಿಯಿತು. ಬೀದಿಗೆ ಬೀದಿಯೇ ಸಿಟ್ಟಾಯಿತು. ಮಾರನೇ ರಾತ್ರಿ ಹುಡುಗರೆಲ್ಲ ಸೇರಿ, ಯಾರದೋ ಮನೆ ಕಟ್ಟಿ ಮಿಕ್ಕಿದ್ದ ಜಲ್ಲಿ, ಮರಳು ತಂದು, ಅಡ್ಡಡ್ಡ ಒಂದು ಹಂಪ್ ಕಟ್ಟಿಬಿಟ್ಟರು. ಒಂದು ಮೂಟೆ ಸಿಮೆಂಟ್ ಕೊಟ್ಟವಳು ನಾನು. ಗೇಣು ಎತ್ತರ, ಒಂದೂವರೆ ಅಡಿ ಅಗಲ. ಬಣ್ಣ ಇಲ್ಲ, ಬೋರ್ಡ್ ಇಲ್ಲ. ಮೂರನೇ ದಿನ ಬೆಳಗಿನ ಜಾವ ಹಾಲಿನ ಅಣ್ಣ ಕ್ಯಾನುಗಳ ಸಮೇತ ಅದರ ಮೇಲೆ ಹಾರಿ ಬಿದ್ದರು. ಭುಜದ ಮೂಳೆ ಮುರಿಯಿತು. ಎರಡು ತಿಂಗಳು ಅವರು ಗಾಡಿ ಹತ್ತಲಿಲ್ಲ. ದಿನಾ ನಮ್ಮ ಮನೆಗೆ ಹಾಲು ಹಾಕುವ ಮನುಷ್ಯ. ಆ ಸಿಮೆಂಟ್ ಮೂಟೆ ನೆನೆದರೆ ಇವತ್ತಿಗೂ ನನಗೆ ಸಂಕಟವಾಗುತ್ತದೆ.

ಅದನ್ನು ಒಡೆಸಿ, ಸರಿಯಾದ ಹಂಪ್ ಹಾಕಿಸಲು ನಮಗೆ ಹದಿನಾಲ್ಕು ತಿಂಗಳು ಹಿಡಿಯಿತು. ಮೊದಲೇ ಗೊತ್ತಿದ್ದರೆ ಐದಾರು ತಿಂಗಳಲ್ಲಿ ಮುಗಿಯುವ ಕೆಲಸ. ನಿಮಗೆ ಅಷ್ಟು ಸಮಯ ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ರಸ್ತೆ ಯಾರದು?

ಮೊದಲ ಕೆಲಸ ಇದು. ನಿಮ್ಮ ಮನೆ ಮುಂದಿನ ರಸ್ತೆ ಪುರಸಭೆಯದೋ, ಲೋಕೋಪಯೋಗಿ ಇಲಾಖೆಯದೋ, ರಾಷ್ಟ್ರೀಯ ಹೆದ್ದಾರಿಯದೋ ಕೇಳಿ ತಿಳಿದುಕೊಳ್ಳಿ. ಪುರಸಭೆಯ ಜೆಇ (ಜೂನಿಯರ್ ಇಂಜಿನಿಯರ್) ಹತ್ತಿರ ಹೋದರೆ ಒಂದೇ ಮಾತಲ್ಲಿ ಹೇಳುತ್ತಾರೆ. ರಾಷ್ಟ್ರೀಯ ಹೆದ್ದಾರಿ ಆದರೆ ಹಂಪ್ ಕೇಳಿ ಪ್ರಯೋಜನವಿಲ್ಲ. ಅಲ್ಲಿ ಹಂಪ್ ಇರಬಾರದು, ಇದ್ದರೆ ತೆಗೆಯಿರಿ ಅಂತ ಕೇಂದ್ರ ಸಾರಿಗೆ ಸಚಿವಾಲಯವೇ ಹೇಳಿದೆ. ಅಂಥ ಕಡೆ ಬೇರೆ ದಾರಿ ಹುಡುಕಬೇಕು. ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ, ಅದಕ್ಕೆ ಮನವಿ ಕೊಡಿ.

ಖಾಸಗಿ ಬಡಾವಣೆ ಆದರೆ ಇನ್ನೊಂದು ತೊಡಕು. ಬಡಾವಣೆ ಪುರಸಭೆಗೆ ಹಸ್ತಾಂತರ ಆಗಿರದಿದ್ದರೆ ಅವರು ಅಲ್ಲಿ ದುಡ್ಡು ಹಾಕಲು ಒಪ್ಪುವುದಿಲ್ಲ. ಅದನ್ನೂ ಮೊದಲೇ ಕೇಳಿಬಿಡಿ.

ಚುನಾಯಿತ ಸದಸ್ಯರು ಇದ್ದಾರಾ ಅನ್ನುವುದೂ ಮುಖ್ಯ. ಬೆಂಗಳೂರಲ್ಲಿ 2020ರ ಸೆಪ್ಟೆಂಬರ್‌ಗೆ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ನಿಮ್ಮ ಊರಲ್ಲೂ ಹಾಗಿದ್ದರೆ ಆಡಳಿತಾಧಿಕಾರಿಗಳಿಗೆ ನೇರವಾಗಿ ಮನವಿ ಹೋಗಬೇಕು. ಸದಸ್ಯರಿದ್ದರೆ ಅವರನ್ನು ಬಿಟ್ಟು ಮುಂದೆ ಹೋಗಬೇಡಿ. ಅವರಿಗೆ ಬೇಜಾರಾದರೆ ಕಡತ ಅಲ್ಲೇ ಕೂತುಬಿಡುತ್ತದೆ.

ಹಂಪ್ ಕೇಳುವ ಮೊದಲು ವೇಗ ಅಳೆಯಿರಿ

ನಾವು ಮಾಡಿದ ದೊಡ್ಡ ತಪ್ಪು ಇಲ್ಲೇ. ಮೊದಲ ಸಲ ಮನವಿ ಕೊಟ್ಟಾಗ "ವಾಹನಗಳು ಅತಿ ವೇಗವಾಗಿ ಚಲಿಸುತ್ತಿವೆ" ಅಂತ ಬರೆದಿದ್ದೆವು. ಎಷ್ಟು ವೇಗ ಅಂತ ಇಂಜಿನಿಯರ್ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅತಿ ವೇಗ ಅಂತ ಎಲ್ಲ ಬೀದಿಯವರೂ ಬರೆಯುತ್ತಾರೆ, ಅಲ್ವಾ?

ಅಳೆಯುವುದು ಸುಲಭ. ಪ್ಲಂಬರ್ ಹತ್ತಿರ ಟೇಪ್ ತಂದು ರಸ್ತೆ ಪಕ್ಕ 50 ಮೀಟರ್ ಅಳೆಯಿರಿ. ಎರಡೂ ತುದಿಗೆ ಸುಣ್ಣದಲ್ಲಿ ಗುರುತು ಹಾಕಿ. ಒಬ್ಬರು ಮೊದಲ ಗುರುತಿನ ಹತ್ತಿರ ನಿಂತು, ಗಾಡಿಯ ಮುಂದಿನ ಚಕ್ರ ದಾಟಿದ ಕೂಡಲೇ ಕೈ ಎತ್ತಬೇಕು. ಇನ್ನೊಬ್ಬರು ಎರಡನೇ ಗುರುತಿನ ಹತ್ತಿರ ನಿಂತು, ಆ ಕೈ ಕಂಡ ಕೂಡಲೇ ಮೊಬೈಲಿನ ಸ್ಟಾಪ್‌ವಾಚ್ ಒತ್ತಬೇಕು. ಚಕ್ರ ಎರಡನೇ ಗುರುತು ದಾಟಿದಾಗ ನಿಲ್ಲಿಸಬೇಕು. 180ನ್ನು ಆ ಸೆಕೆಂಡುಗಳಿಂದ ಭಾಗಿಸಿ. ಬಂದದ್ದು ಗಂಟೆಗೆ ಇಷ್ಟು ಕಿಲೋಮೀಟರ್ ಅಂತ. 6 ಸೆಕೆಂಡ್ ಆದರೆ 30 ಕಿ.ಮೀ. ನಾಲ್ಕೂವರೆ ಸೆಕೆಂಡ್ ಆದರೆ 40. 3 ಸೆಕೆಂಡ್ ಆದರೆ 60.

ಎದ್ದು ಕಾಣುವ ಹಾಗೆ ನಿಲ್ಲಬೇಡಿ. ಯಾರೋ ಬರೆದುಕೊಳ್ಳುತ್ತಿದ್ದಾರೆ ಅಂತ ಕಂಡರೆ ಎಲ್ಲರೂ ನಿಧಾನ ಮಾಡುತ್ತಾರೆ. ನಾನು ಗಿರಣಿಯ ಒಳಗಿಂದ ನೋಡುತ್ತಿದ್ದೆ, ನನ್ನ ತಂಗಿ ಮಗ ಆಚೆ ಕಡೆ ಅಂಗಡಿ ಕಟ್ಟೆ ಮೇಲೆ ಕೂತಿದ್ದ. ಶಾಲೆ ಹೊತ್ತು, ಮಧ್ಯಾಹ್ನ, ರಾತ್ರಿ ಎಂಟರ ಮೇಲೆ, ಮೂರೂ ಹೊತ್ತು ಅಳೆಯಿರಿ. ಒಟ್ಟು ನೂರು ಗಾಡಿ ಆದರೆ ಸಾಕು. ಆಮೇಲೆ ನಿಧಾನದಿಂದ ಜೋರಿಗೆ ಸಾಲಾಗಿ ಬರೆದು 85ನೇ ಗಾಡಿಯ ವೇಗ ನೋಡಿ. ಸಾರಿಗೆ ಇಂಜಿನಿಯರ್‌ಗಳು ನೋಡುವುದು ಈ ಸಂಖ್ಯೆಯನ್ನೇ. ನೂರಕ್ಕೆ 85 ಗಾಡಿ ಇದಕ್ಕಿಂತ ಜೋರಾಗಿ ಹೋಗುತ್ತಿಲ್ಲ ಅಂತ ಅದರ ಅರ್ಥ. ಸರಾಸರಿ ಹೇಳಿದರೆ ಜೋರಾಗಿ ಹೋಗುವವರು ಅದರೊಳಗೆ ಮುಚ್ಚಿಹೋಗುತ್ತಾರೆ.

30ಕ್ಕೂ 50ಕ್ಕೂ ಏನು ಮಹಾ ವ್ಯತ್ಯಾಸ ಅಂತ ಕೇಳುವವರು ಇರುತ್ತಾರೆ. ಅವರಿಗೆ ಈ ಲೆಕ್ಕ ಹೇಳಿ. ಮಗು ಅಡ್ಡ ಬಂದದ್ದು ಕಂಡು ಬ್ರೇಕ್ ಮೇಲೆ ಕಾಲು ಇಡಲು ಒಂದು ಸೆಕೆಂಡ್ ಬೇಕು. 30ರಲ್ಲಿ ಹೋಗುವ ಕಾರು ಆ ಒಂದು ಸೆಕೆಂಡಲ್ಲಿ 8 ಮೀಟರ್ ಹೋಗುತ್ತದೆ. ಬ್ರೇಕ್ ಹಿಡಿದ ಮೇಲೆ ಇನ್ನು 5 ಮೀಟರ್. ಒಟ್ಟು 13 ಮೀಟರಿಗೆ ನಿಂತುಬಿಡುತ್ತದೆ. 50ರಲ್ಲಿ ಹೋಗುವ ಕಾರಿಗೆ ಆ ಒಂದು ಸೆಕೆಂಡಲ್ಲೇ 14 ಮೀಟರ್ ಹೋಗಿಬಿಡುತ್ತದೆ. ಅಂದರೆ ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಬ್ರೇಕನ್ನೇ ಹಿಡಿದಿರುವುದಿಲ್ಲ. ಅದು ನಿಲ್ಲಲು 28 ಮೀಟರ್ ಬೇಕು. ಇದು ಒಣ ರಸ್ತೆ, ಒಳ್ಳೆ ಬ್ರೇಕಿನ ಲೆಕ್ಕ. ಸಭೆಯಲ್ಲಿ ಈ ಮಾತು ಹೇಳಿದಾಗ ಎಲ್ಲರೂ ಸುಮ್ಮನಾದರು. ಮಕ್ಕಳು ಓಡಾಡುವ ಬೀದಿಗೆ 30 ಸಾಕು ಅಂತ 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ರಸ್ತೆ ಸುರಕ್ಷತೆಯ ಸಮ್ಮೇಳನವೂ ಹೇಳಿದೆ.

ಅಳೆಯುವಾಗ ಇನ್ನೊಂದು ಕಾಣುತ್ತದೆ, ಅದನ್ನು ಬರೆದಿಟ್ಟುಕೊಳ್ಳಿ. ನಮ್ಮಲ್ಲಿ ವೇಗ ಜಾಸ್ತಿ ಇದ್ದದ್ದು ಇಡೀ ಬೀದಿಯಲ್ಲಲ್ಲ, ನೇರವಾಗಿರುವ ನಡುವಿನ ಭಾಗದಲ್ಲಿ ಮಾತ್ರ. ತಿರುವಿನಲ್ಲಿ ತೊಂದರೆ ವೇಗದ್ದಲ್ಲ, ಕಣ್ಣಿಗೆ ಕಾಣದಿರುವುದು. ಖಾಲಿ ಸೈಟಿನ ಬೇಲಿಗಿಡ ರಸ್ತೆಗೆ ಬಾಗಿತ್ತು. ಅದನ್ನು ಕಡಿಸಿದ ದಿನವೇ ಅರ್ಧ ಭಯ ಹೋಯಿತು. ಅದಕ್ಕೆ ಠರಾವೂ ಬೇಕಾಗಲಿಲ್ಲ, ದುಡ್ಡೂ ಬೇಕಾಗಲಿಲ್ಲ. ಆದ್ದರಿಂದ ಪುರಸಭೆಗೆ ಹೋದಾಗ "ಇಲ್ಲಿ ಹಂಪ್ ಹಾಕಿ" ಅನ್ನಬೇಡಿ. "ಇಲ್ಲಿ ವೇಗ ಇಳಿಯಬೇಕು" ಅನ್ನಿ. ಹಂಪ್ ಅದಕ್ಕೆ ಒಂದು ದಾರಿ. ಕೆಲವು ಕಡೆ ಬೇರೆ ದಾರಿಯೇ ಒಳ್ಳೆಯದು.

ಬೇಡ ಅನ್ನುವವರ ಮನೆಗೆ ಮೊದಲು ಹೋಗಿ

ಸಹಿ ಹಾಕುವವರು ಹೇಗೂ ಹಾಕುತ್ತಾರೆ. ಬೇಡ ಅನ್ನುವವರ ಮನೆಗೆ ಮೊದಲು ಹೋಗಿ, ಕೂತು ಮಾತಾಡಿ.

ನಮ್ಮ ಬೀದಿಯಲ್ಲಿ ಐದು ಮನೆಯವರು ಬೇಡ ಅಂದರು. ಒಬ್ಬೊಬ್ಬರ ಕಾರಣವೂ ನಿಜವಾದದ್ದೇ. ಮೂಲೆಮನೆ ಅಜ್ಜಿಗೆ ಬೆನ್ನು ನೋವು, ಆಟೋದಲ್ಲಿ ಆಸ್ಪತ್ರೆಗೆ ಹೋಗುವಾಗ ಕುಲುಕಿದರೆ ಜೀವ ಹೋಗುತ್ತದೆ ಅಂದರು. ಕೊಬ್ಬರಿ ವ್ಯಾಪಾರದವರು, ಗೂಡ್ಸ್ ಗಾಡಿ ಹಂಪ್ ಹತ್ತಿ ಇಳಿದರೆ ನಮ್ಮ ಗೋಡೆ ಅದುರುತ್ತದೆ ಅಂದರು. ಇನ್ನೊಬ್ಬರು ಆಟೋ ಓಡಿಸುವವರು. "ಅಕ್ಕಾ, ದಿನಕ್ಕೆ ನಲವತ್ತು ಸಲ ನಾನು ಇದನ್ನು ಹತ್ತಿ ಇಳಿಯಬೇಕು, ನನ್ನ ಸೊಂಟಕ್ಕೆ ಯಾರು ಹೊಣೆ?" ಅಂತ ಕೇಳಿದರು. ಅವರಿಗೆ ಹೇಳಲು ನನ್ನ ಹತ್ತಿರ ಮಾತಿರಲಿಲ್ಲ. ನಾವು ಆ ರಾತ್ರಿ ಕಟ್ಟಿದಂಥ ಹಂಪ್ ಆದರೆ ಅವರ ಮಾತೇ ಸರಿ.

ಅಳತೆ ಯಾಕೆ ಮುಖ್ಯ ಅಂತ ನಾನು ಕಲಿತದ್ದು ಆಗಲೇ. ಹಂಪಿಗೆ ಭಾರತೀಯ ರಸ್ತೆ ಕಾಂಗ್ರೆಸ್ (ಐಆರ್‌ಸಿ, ರಸ್ತೆಗಳ ಅಳತೆ-ನಿಯಮ ಮಾಡುವ ಇಂಜಿನಿಯರ್‌ಗಳ ಸಂಸ್ಥೆ) ಗೊತ್ತು ಮಾಡಿದ ಅಳತೆ ಇದೆ. ಐಆರ್‌ಸಿ 99 ಅನ್ನುತ್ತಾರೆ. 1988ರಲ್ಲಿ ಬಂದದ್ದು, 2018ರಲ್ಲಿ ಪರಿಷ್ಕರಿಸಿದ್ದಾರೆ. ದುಂಡನೆಯ ಹಂಪ್ ಆದರೆ ಗಾಡಿ ಹೋಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, ಅಂದರೆ ಸುಮಾರು 12 ಅಡಿ. ನಡುವೆ ಎತ್ತರ 10 ಸೆಂಟಿಮೀಟರ್, ಅಂದರೆ 4 ಇಂಚು. ಇಂಥ ಹಂಪನ್ನು ಗಂಟೆಗೆ 25 ಕಿ.ಮೀ.ನಲ್ಲಿ ಆರಾಮಾಗಿ ದಾಟಬಹುದು. ಹೆಚ್ಚುಕಮ್ಮಿ ಇದೇ ಅಳತೆಯ ಹಂಪನ್ನು 1970ರ ದಶಕದಲ್ಲಿ ಇಂಗ್ಲೆಂಡಿನ ರಸ್ತೆ ಸಂಶೋಧನಾಲಯ ಪರೀಕ್ಷೆ ಮಾಡಿ ನೋಡಿತ್ತು.

ಹನ್ನೆರಡು ಅಡಿ ಅಗಲ ಅಂದಾಗ ಎಲ್ಲರೂ ಬೆಚ್ಚುತ್ತಾರೆ. ಆದರೆ ಗುಟ್ಟು ಇರುವುದೇ ಆ ಅಗಲದಲ್ಲಿ. ಕಡಿಮೆ ಅಗಲದ ಹಂಪ್ ಮೇಲೆ ಕಾರು ಜೋರಾಗಿ ಹೋದರೆ ಚಕ್ರ ಮಾತ್ರ ಎದ್ದು ಬೀಳುತ್ತದೆ, ಸ್ಪ್ರಿಂಗು ಅದನ್ನು ನುಂಗಿಕೊಳ್ಳುತ್ತದೆ, ಒಳಗೆ ಕೂತವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ನಿಧಾನವಾಗಿ ಹೋಗುವ ಸ್ಕೂಟರಿಗೆ ಮಾತ್ರ ಧಡಕ್ ಅನ್ನುತ್ತದೆ. ಅಗಲವಾದ ಹಂಪಿನಲ್ಲಿ ಇಡೀ ಗಾಡಿ ಏರಿ ಇಳಿಯುತ್ತದೆ. ನಿಧಾನ ಹೋದರೆ ತೊಟ್ಟಿಲ ಹಾಗೆ ದಾಟಿಸುತ್ತದೆ, ಜೋರಾಗಿ ಹೋದರೆ ಕುಲುಕುತ್ತದೆ. ನಿಧಾನ ಹೋಗುವವರಿಗೆ ಶಿಕ್ಷೆ ಆಗಬಾರದು, ಜೋರಾಗಿ ಹೋಗುವವರಿಗೆ ಆಗಬೇಕು. ನಮ್ಮ ಗೇಣೆತ್ತರದ ಹಂಪ್ ಮಾಡಿದ್ದು ಪೂರ್ತಿ ಉಲ್ಟಾ.

ಆಟೋ ಅಣ್ಣನಿಗೆ ನಾನು ಬಾಯಲ್ಲಿ ಹೇಳಿ ಒಪ್ಪಿಸಲಿಲ್ಲ. ಪಕ್ಕದ ಊರಿನ ಕಾಲೇಜಿನ ಒಳಗೆ ಇದೇ ಅಳತೆಯ ಹಂಪ್ ಇತ್ತು. ಅವರ ಆಟೋದಲ್ಲೇ ಅಲ್ಲಿಗೆ ಹೋಗಿ ನಾಲ್ಕು ಸಲ ಹತ್ತಿ ಇಳಿದೆವು. ಹಿಂದಿನ ಸೀಟಿನಲ್ಲಿ ಮೂಲೆಮನೆ ಅಜ್ಜಿಯೂ ಇದ್ದರು. ವಾಪಸ್ ಬರುವಾಗ ಅಜ್ಜಿಯೇ "ಇಂಥದ್ದಾದರೆ ಹಾಕಿಸು ಕಣಮ್ಮ" ಅಂದರು.

ಗೋಡೆ ಅದುರುವ ಮಾತಿಗೆ ಜಾಗ ಬದಲಿಸುವುದೇ ಉತ್ತರ. ಕೊಬ್ಬರಿಯವರ ಗೋದಾಮಿನಿಂದ ಹಂಪನ್ನು ದೂರ ಸರಿಸಿದೆವು. ಹಂಪ್ ಎಲ್ಲರಿಗೂ ಬೇಕು, ತಮ್ಮ ಗೇಟಿನ ಮುಂದೆ ಮಾತ್ರ ಬೇಡ. ಇದಕ್ಕೆ ನಾವು ಮಾಡಿದ್ದು ಹೀಗೆ. ಹಂಪ್ ಬರುವ ಜಾಗದಲ್ಲಿ ಸುಣ್ಣದ ಪುಡಿಯಿಂದ 3.7 ಮೀಟರ್ ಅಗಲದ ಪಟ್ಟಿ ಎಳೆದು ಒಂದು ವಾರ ಬಿಟ್ಟೆವು. ಕಾರು ತೆಗೆಯುವವರು, ನೀರಿನ ಟ್ಯಾಂಕರ್ ತರಿಸುವವರು, ಎಲ್ಲರೂ ಕಣ್ಣಾರೆ ನೋಡಿದರು. ಎರಡು ಸಲ ಗೆರೆ ಅಳಿಸಿ ಬೇರೆ ಕಡೆ ಎಳೆದೆವು. ಕಾಗದದ ಮೇಲೆ ಆಗಬಹುದಾಗಿದ್ದ ಜಗಳ ಸುಣ್ಣದಲ್ಲೇ ಮುಗಿಯಿತು.

ಜಾಗ ಆರಿಸುವಾಗ ಇಷ್ಟು ನೋಡಿಕೊಳ್ಳಿ. ತಿರುವಿನ ಮೇಲೆ ಬೇಡ. ಇಳಿಜಾರಿನ ಕೊನೆಯಲ್ಲಿ ಬೇಡ. ಮ್ಯಾನ್‌ಹೋಲ್, ನೀರಿನ ವಾಲ್ವ್ ಮೇಲೆ ಬೇಡ, ನಾಳೆ ಅದನ್ನೇ ಅಗೆಯುತ್ತಾರೆ. ಬೀದಿದೀಪದ ಬೆಳಕು ಬೀಳುವ ಜಾಗ ಇರಲಿ. ನಮ್ಮ ಬೀದಿ ದೊಡ್ಡ ರಸ್ತೆಗೆ ಸೇರುವ ಕಡೆ, ಆ ರಸ್ತೆಯ ಅಂಚಿನಿಂದ ಸುಮಾರು 10 ಮೀಟರ್ ದೂರ ಬಿಟ್ಟು ಹಾಕಬೇಕು ಅಂತ ನಿಯಮ. ಒಂದಕ್ಕಿಂತ ಜಾಸ್ತಿ ಹಾಕುವುದಾದರೆ ಒಂದರಿಂದ ಒಂದಕ್ಕೆ 100ರಿಂದ 120 ಮೀಟರ್ ಇರಲಿ. ನಮ್ಮವರು ಐದು ಬೇಕು ಅಂತ ಹಠ ಹಿಡಿದಿದ್ದರು. ಬೀದಿಯ ಉದ್ದಕ್ಕೆ ಎರಡೇ ಸಾಕಾಯಿತು. ಬಸ್ಸು, ಲಾರಿ ದಿನವೂ ಓಡುವ ರಸ್ತೆಯಾದರೆ ಈ ಅಳತೆ ಸಾಲದು, ಇಂಜಿನಿಯರ್ ಹತ್ತಿರ ಬೇರೆ ವಿನ್ಯಾಸ ಕೇಳಿ.

ಮನವಿ

ಒಂದು ಪುಟ ಸಾಕು. ನಾವು ಎರಡನೇ ಸಲ ಕೊಟ್ಟದ್ದು ಹೀಗಿತ್ತು:

*ಗೆ, ಮುಖ್ಯಾಧಿಕಾರಿಗಳು, ಪುರಸಭೆ ಕಾರ್ಯಾಲಯ.*
*ಮಾನ್ಯರೇ,*
*ವಿಷಯ: ನಮ್ಮ ಬೀದಿಯಲ್ಲಿ ವಾಹನಗಳ ವೇಗ ತಗ್ಗಿಸುವ ಬಗ್ಗೆ.*
*ನಮ್ಮ ಬೀದಿಯಲ್ಲಿ ಮೂರು ದಿನ ನೂರು ವಾಹನಗಳ ವೇಗ ಅಳೆದಿದ್ದೇವೆ. ಪಟ್ಟಿ ಲಗತ್ತಿಸಿದೆ. ಬೀದಿಯ ನಡುವಿನ ಭಾಗದಲ್ಲಿ ವೇಗ ಅಪಾಯಕರವಾಗಿದೆ. ದಯವಿಟ್ಟು ಸ್ಥಳ ಪರಿಶೀಲನೆ ಮಾಡಿಸಿ, ಐಆರ್‌ಸಿ 99ರ ಅಳತೆಯಂತೆ ಹಂಪ್ ಅಥವಾ ಸೂಕ್ತವಾದ ಬೇರೆ ಕ್ರಮದ ಬಗ್ಗೆ ಅಂದಾಜು ಪಟ್ಟಿ ತಯಾರಿಸಿ, ಮುಂದಿನ ಸಾಮಾನ್ಯ ಸಭೆಯಲ್ಲಿ ವಿಷಯ ಮಂಡಿಸಬೇಕೆಂದು ಕೋರುತ್ತೇವೆ. ಈಗಿರುವ ಅನಧಿಕೃತ ಹಂಪನ್ನು ಕೂಡಲೇ ತೆಗೆಸಬೇಕೆಂದೂ ಕೋರುತ್ತೇವೆ.*
*ಲಗತ್ತು: ವೇಗದ ಪಟ್ಟಿ, ಕೈನಕ್ಷೆ, ನಾಲ್ಕು ಫೋಟೋ, ನಿವಾಸಿಗಳ ಸಹಿ.*

ಕೊನೆಯ ಸಾಲು ಬರೆಯಲು ಬೀದಿಯಲ್ಲಿ ಕೆಲವರು ಒಪ್ಪಲಿಲ್ಲ. ಹೊಸದು ಬರುವವರೆಗೆ ಹಳೆಯದು ಇರಲಿ ಅಂದರು. ನಾನು ಒಪ್ಪಲಿಲ್ಲ. ಹಾಲಿನ ಅಣ್ಣನ ನಂತರ ಇನ್ನೊಬ್ಬರು ಬೀಳಬಾರದು. ಅದನ್ನು ಒಡೆದು ತೆಗೆದ ಮೇಲೆ ನಮ್ಮ ಮಾತಿಗೆ ಕಚೇರಿಯಲ್ಲಿ ಬೆಲೆಯೂ ಬಂತು.

ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಂಖ್ಯೆ ಹಾಕಿಸಿಕೊಳ್ಳಿ. ಈ ಸಂಖ್ಯೆ ಇಲ್ಲದೆ ಮುಂದೆ ಏನೂ ನಡೆಯುವುದಿಲ್ಲ. ಒಂದು ಪ್ರತಿ ವಾರ್ಡ್ ಸದಸ್ಯರಿಗೆ, ಒಂದು ಪೊಲೀಸ್ ಠಾಣೆಗೆ. ಸಭೆಯಲ್ಲಿ "ಪೊಲೀಸರ ಅಭಿಪ್ರಾಯ ಬಂದಿಲ್ಲ" ಅನ್ನುವ ಮಾತು ಬಂದೇ ಬರುತ್ತದೆ, ಆ ಪತ್ರವನ್ನು ಮೊದಲೇ ತರಿಸಿಟ್ಟುಕೊಳ್ಳಿ.

ನಮ್ಮ ಮೊದಲ ಮನವಿ ಏಳು ತಿಂಗಳು ಕಾಣೆಯಾಗಿತ್ತು. ಆಗ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಒಂದೇ ವಿಷಯ, ಚಿಕ್ಕದಾಗಿ ಬರೆಯಬೇಕು. "ಇಂಥ ಸಂಖ್ಯೆಯ ಮನವಿಯ ಮೇಲೆ ಕೈಗೊಂಡ ಕ್ರಮ ಮತ್ತು ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ" ಅಂತ ಕೇಳಿದೆ. 30 ದಿನದೊಳಗೆ ಉತ್ತರ ಕೊಡಬೇಕು. ಇಪ್ಪತ್ತನೇ ದಿನವೇ ಜೆಇ ನಮ್ಮ ಬೀದಿಗೆ ಬಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. 23 ವಾರ್ಡಿಗೆ ಅವರು ಇಬ್ಬರೇ ಇದ್ದರು.

ಸಭೆ

ಪುರಸಭೆಯ ಸಾಮಾನ್ಯ ಸಭೆ ಹೇಗೆ ನಡೆಯುತ್ತದೆ ಅಂತ ನೋಡದೆ ಹೋಗಬೇಡಿ. ಹಿಂದಿನ ತಿಂಗಳ ಸಭೆಗೆ ಒಮ್ಮೆ ಹೋಗಿ ಕೂತು ಬನ್ನಿ. ಹೋಗುವ ಮೊದಲು ಮುಖ್ಯಾಧಿಕಾರಿಗಳಿಗೆ ಒಂದು ಸಾಲು ಬರೆದು ಕೊಡುವುದು ಒಳ್ಳೆಯದು. ನಿಮ್ಮ ವಿಷಯ ಅಜೆಂಡಾದಲ್ಲಿ ಎಷ್ಟನೆಯದು ಅಂತ ನೋಡಿ. ನಮ್ಮದು ಇಪ್ಪತ್ತಾರನೆಯದು. ಕುಡಿಯುವ ನೀರು, ಕಸದ ಗಾಡಿ ಟೆಂಡರ್, ಸಂತೆ ಸುಂಕದ ಹರಾಜು ಎಲ್ಲ ಮುಗಿದು ನಮ್ಮದು ಬರುವಾಗ ಸಂಜೆ ಐದು. ಅರ್ಧ ಸದಸ್ಯರು ಎದ್ದು ಹೋಗಿದ್ದರು.

ಸಭೆಯಲ್ಲಿ ನಾವು ಮಾತಾಡುವ ಹಾಗಿರಲಿಲ್ಲ. ಮಾತಾಡಬೇಕಾದವರು ನಮ್ಮ ವಾರ್ಡ್ ಸದಸ್ಯರು. ಅದಕ್ಕೇ ಹಿಂದಿನ ದಿನ ಅವರ ಮನೆಗೆ ಹೋಗಿ, ಬರಬಹುದಾದ ಪ್ರಶ್ನೆಗಳನ್ನೂ ಉತ್ತರಗಳನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟಿದ್ದೆವು. ಮುಂದೆ ಕೂತು ಅವರು ಅದನ್ನು ನೋಡಿಕೊಂಡೇ ಉತ್ತರ ಕೊಟ್ಟರು.

ಮೊದಲು ಬಂದದ್ದು ಎಲ್ಲರೂ ಹೇಳುವ ಮಾತು. "ಇವತ್ತು ಇವರಿಗೆ ಕೊಟ್ಟರೆ ನಾಳೆ ಎಲ್ಲ ಬೀದಿಯವರೂ ಕೇಳುತ್ತಾರೆ." ಇದಕ್ಕೆ ನಮ್ಮ ಸದಸ್ಯರ ಉತ್ತರ: ಕೇಳಲಿ, ಆದರೆ ಹೀಗೆ ನೂರು ಗಾಡಿ ಅಳೆದು ಪಟ್ಟಿ ತರಲಿ, ಎಲ್ಲಿ ವೇಗ ಜಾಸ್ತಿಯೋ ಅಲ್ಲಿಗೆ ಮೊದಲು ಕೊಡೋಣ. ಆಮೇಲೆ ಆಂಬುಲೆನ್ಸ್. ಇದನ್ನು ಸುಮ್ನೆ ತಳ್ಳಿಹಾಕಬೇಡಿ, ಆಂಬುಲೆನ್ಸಿಗೆ ಹಂಪಿನಿಂದ ತಡವಾಗುವುದು ನಿಜ. ಆಸ್ಪತ್ರೆಗೆ ಹೋಗುವ ಮುಖ್ಯ ದಾರಿ ನಿಮ್ಮ ಬೀದಿಯೇ ಆದರೆ ಹಂಪ್ ಕೇಳುವ ಮೊದಲು ನೀವೇ ಎರಡು ಸಲ ಯೋಚನೆ ಮಾಡಬೇಕು. ನಮ್ಮದು ಆ ದಾರಿ ಅಲ್ಲ ಅಂತ ಕೈನಕ್ಷೆಯಲ್ಲಿ ತೋರಿಸಿದ್ದೆವು. ಮಳೆ ನೀರು ನಿಲ್ಲುತ್ತದೆ ಅಂತ ಒಬ್ಬರು ಹೇಳಿದರು. ಚರಂಡಿಯ ಕಡೆ ಎರಡೂ ಅಂಚಿನಲ್ಲಿ ನೀರು ಹರಿಯಲು ಜಾಗ ಬಿಡಬೇಕು, ಅದು ಅಂದಾಜು ಪಟ್ಟಿಯಲ್ಲೇ ಇದೆ ಅಂತ ಜೆಇ ಎದ್ದು ನಿಂತು ಹೇಳಿದರು.

ನಾವು ಯೋಚಿಸದೇ ಇದ್ದ ಪ್ರಶ್ನೆ ಕೇಳಿದವರು ಒಬ್ಬ ಹಿರಿಯ ಸದಸ್ಯೆ. ಒಳಚರಂಡಿ ಪೈಪಿಗೆ ಈ ರಸ್ತೆ ಅಗೆಯುವುದಿದೆಯಾ, ಅಗೆಯುವುದಾದರೆ ಯಾವಾಗ ಅಂತ. ನಿಜವಾಗಿಯೂ ಇತ್ತು, ಮೂರು ತಿಂಗಳ ನಂತರ. ಹಂಪ್ ಆಗಲೇ ಹಾಕಿದ್ದರೆ ಒಡೆದು ಹೋಗುತ್ತಿತ್ತು. ಅಗೆತ ಮುಗಿದ ಮೇಲೆ ಹಾಕುವುದು ಅಂತ ಠರಾವಾಯಿತು. ನಮ್ಮವರಿಗೆ ನಿರಾಸೆ ಆಯಿತು, ನನಗೆ ಆಗಲಿಲ್ಲ. ಆಯಮ್ಮ ಕೇಳಿದ್ದು ಸರಿ. ನೀವು ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಿ.

ಸಭೆ ಮುಗಿದ ಮೇಲೆ ಕೆಲಸ ಆಯಿತು ಅಂದುಕೊಳ್ಳಬೇಡಿ. ನಡಾವಳಿಯ ಪ್ರತಿ ತೆಗೆದುಕೊಳ್ಳಿ. ಅದರಲ್ಲಿ "ಐಆರ್‌ಸಿ ಅಳತೆಯಂತೆ" ಅನ್ನುವ ಮಾತು, ಬಣ್ಣ, ಬೋರ್ಡು, ಇವೆಲ್ಲ ಇವೆಯಾ ಓದಿ. "ಹಂಪ್ ನಿರ್ಮಿಸಲು ತೀರ್ಮಾನಿಸಲಾಯಿತು" ಅಂತ ಮಾತ್ರ ಇದ್ದರೆ ಗುತ್ತಿಗೆದಾರರು ತಮಗೆ ತಿಳಿದ ಹಾಗೆ ಒಂದು ಗುಡ್ಡೆ ಹಾಕಿ ಹೋಗುತ್ತಾರೆ. ರಸ್ತೆಯ ವಿನ್ಯಾಸ ನಿಯಮದ ಪ್ರಕಾರ ಇಲ್ಲದೆ ಸಾವುನೋವಾದರೆ ಹೊಣೆಯಾದ ಸಂಸ್ಥೆಗೂ ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು ಅಂತ 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 198ಎ ಅನ್ನುವ ಕಲಂ ಸೇರಿಸಿದ್ದಾರೆ. ಹೆದರಿಸಲು ಅಲ್ಲ, ಮೆತ್ತಗೆ ಒಮ್ಮೆ ನೆನಪು ಮಾಡಿ.

ಕೆಲಸದ ದಿನ ಅಲ್ಲೇ ನಿಲ್ಲಿ

ಗಿರಣಿ ಬಾಗಿಲು ಹಾಕಿ ಆ ದಿನ ನಾನು ಅಲ್ಲೇ ನಿಂತಿದ್ದೆ. ಹಿಂದಿನ ವಾರವೇ ಬಡಗಿಯ ಹತ್ತಿರ ಹಲಗೆಯಲ್ಲಿ ಹಂಪಿನ ಆಕಾರದ ಒಂದು ಫರ್ಮಾ ಮಾಡಿಸಿದ್ದೆ. ನೀವೂ ಮಾಡಿಸಿ, ಲೆಕ್ಕ ಕೊಡುತ್ತೇನೆ. ಹಂಪಿನ ನಡುಮಧ್ಯ ಎತ್ತರ 10 ಸೆಂಟಿಮೀಟರ್. ನಡುವಿನಿಂದ ಅರ್ಧ ಮೀಟರ್ ಆಚೆಗೆ 9.3. ಒಂದು ಮೀಟರ್ ಆಚೆಗೆ 7. ಒಂದೂವರೆ ಮೀಟರ್ ಆಚೆಗೆ 3.4. 1.85 ಮೀಟರಿಗೆ ಸೊನ್ನೆ. ಇನ್ನೊಂದು ಕಡೆಗೂ ಹೀಗೇ. 17 ಮೀಟರ್ ತ್ರಿಜ್ಯದ ವೃತ್ತದ ಒಂದು ತುಣುಕು ಅದು. ರೋಲರ್ ಓಡಿಸುವಾಗ ಫರ್ಮಾ ಇಟ್ಟು ನೋಡಿದರೆ ಎಲ್ಲಿ ಜಾಸ್ತಿ, ಎಲ್ಲಿ ಕಡಿಮೆ ಅಂತ ಅಲ್ಲೇ ಗೊತ್ತಾಗುತ್ತದೆ. ಡಾಂಬರು ಬಿಸಿ ಇರುವಾಗ ಸರಿಮಾಡಬಹುದು. ಆರಿದ ಮೇಲೆ ಆಗುವುದಿಲ್ಲ. ಮೇಸ್ತ್ರಿಗೆ ಮೊದಲು ಕಿರಿಕಿರಿ ಆಯಿತು. ಎರಡನೇ ಹಂಪಿಗೆ ಅವರೇ ಫರ್ಮಾ ಕೇಳಿ ಇಸ್ಕೊಂಡರು.

ಡಾಂಬರು ರಸ್ತೆ ಮೇಲೆ ಕಾಂಕ್ರೀಟ್ ಹಂಪ್ ಬೇಡ, ಸರಿಯಾಗಿ ಕಚ್ಚಿಕೊಳ್ಳದೆ ಅಂಚು ಒಡೆಯುತ್ತದೆ. ಹಳೆ ಡಾಂಬರನ್ನು ಕೆರೆದು, ಗುಡಿಸಿ, ಟ್ಯಾಕ್ ಕೋಟ್ (ಹಳೆಯದಕ್ಕೆ ಹೊಸದು ಅಂಟಲು ಹೊಡೆಯುವ ತೆಳು ಡಾಂಬರು) ಹೊಡೆದು ಆಮೇಲೆ ಹೊಸದು ಹಾಕಬೇಕು. ಹಳದಿ-ಕಪ್ಪು ರಬ್ಬರ್ ಪಟ್ಟಿಗಳನ್ನು ಬೋಲ್ಟ್ ಹೊಡೆದು ಹಾಕಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಪಟ್ಟಿ ಕಿತ್ತು ಹೋದ ಮೇಲೆ ಬೋಲ್ಟ್ ರಸ್ತೆಯಲ್ಲೇ ಉಳಿಯುತ್ತದೆ, ಟಯರ್ ಸೀಳುತ್ತದೆ.

ಇದು ಬಹಳ ಮುಖ್ಯ: ಬಣ್ಣ ಮತ್ತು ಬೋರ್ಡ್ ಇಲ್ಲದೆ ಒಂದು ರಾತ್ರಿಯೂ ಕಳೆಯಬಾರದು. "ಬಣ್ಣ ಮುಂದಿನ ವಾರ" ಅಂತಾರೆ. ಬಿಡಬೇಡಿ. ಹಾಲಿನ ಅಣ್ಣ ಬಿದ್ದದ್ದು ಎತ್ತರಕ್ಕೆ ಮಾತ್ರ ಅಲ್ಲ, ಕಾಣದೆ ಇದ್ದದ್ದಕ್ಕೆ. ಹಂಪಿಗೆ 40 ಮೀಟರ್ ಮೊದಲೇ ಎಚ್ಚರಿಕೆ ಬೋರ್ಡ್ ಇರಬೇಕು, ಎರಡೂ ಕಡೆಯಿಂದ. ನಮ್ಮಲ್ಲಿ ಬೋರ್ಡ್ ಬರುವುದು ಎರಡು ದಿನ ತಡವಾಯಿತು. ಆ ಎರಡು ರಾತ್ರಿ ಬೀದಿಯ ಹುಡುಗರು ಪಾಳಿಯಲ್ಲಿ ಕೂತು, ಖಾಲಿ ಡ್ರಮ್ ಇಟ್ಟು, ಮೇಲೆ ಕೆಂಪು ದೀಪ ಕಟ್ಟಿದ್ದರು. ಆ ರಾತ್ರಿ ಹಂಪ್ ಕಟ್ಟಿದವರೂ ಅದೇ ಹುಡುಗರು.

ಆಮೇಲೆ

ಒಂದು ತಿಂಗಳು ಬಿಟ್ಟು ಮತ್ತೆ ಅಳೆಯಿರಿ, ಅದೇ ಗುರುತು, ಅದೇ ಹೊತ್ತು. ಮುಂಚೆ 50 ಮೀಟರನ್ನು ನಾಲ್ಕು ಸೆಕೆಂಡಲ್ಲಿ ದಾಟುತ್ತಿದ್ದ ಬೈಕುಗಳು ಈಗ ಆರೇಳು ಸೆಕೆಂಡ್ ತೆಗೆದುಕೊಳ್ಳುತ್ತವೆ. ಆ ಪಟ್ಟಿಯನ್ನೂ ಪುರಸಭೆಗೆ ಕೊಟ್ಟೆವು. ಪಕ್ಕದ ಬೀದಿಯವರು ಈಗ ಅದನ್ನೇ ಇಟ್ಟುಕೊಂಡು ಮನವಿ ಬರೆಯುತ್ತಿದ್ದಾರೆ. ನಮ್ಮ ಬೀದಿ ಬಿಟ್ಟ ಕೆಲವು ಗಾಡಿಗಳು ಅವರ ಬೀದಿಗೆ ಹೋಗುತ್ತಿವೆ, ಅದೂ ನಿಜ. ಅಳೆಯಲು ನಾನೂ ಟೇಪ್ ಹಿಡಿದು ಹೋಗಿದ್ದೆ.

ಬಣ್ಣ ಒಂದು ವರ್ಷಕ್ಕಿಂತ ಜಾಸ್ತಿ ಬಾಳುವುದಿಲ್ಲ. ಮಳೆಗಾಲಕ್ಕೆ ಮೊದಲು ಮತ್ತೆ ಹೊಡೆಸಬೇಕು. ಹೋದ ತಿಂಗಳು ಹಾಲಿನ ಅಣ್ಣನೇ ಗಿರಣಿಗೆ ಬಂದು, "ಅಕ್ಕಾ, ಎರಡನೇ ಹಂಪಿನ ಬಿಳಿ ಪಟ್ಟಿ ಬೆಳಗಿನ ಜಾವ ಕಾಣ್ತಿಲ್ಲ" ಅಂದರು. ಅವತ್ತೇ ಫೋಟೋ ತೆಗೆದು ಟಪಾಲಿಗೆ ಕೊಟ್ಟೆ. ಸಂಖ್ಯೆಯನ್ನು ಗಿರಣಿಯ ಕ್ಯಾಲೆಂಡರ್ ಮೇಲೆ ಬರೆದಿದ್ದೇನೆ.